ಎಳೆಯ ಎರಡೂ ತುದಿ

ನಿಡಗುಂದಿ
೯ ಮಾರ್ಚ್ ೨೦೨೫, ರವಿವಾರ

ಪ್ರೀತಿಯ ಗುಲನಾಜ,

ನೀನು ಮಾಡಿದ ಫೋನುಗಳನ್ನೆಲ್ಲ ನೋಡಿದೆ, ಒಂದನ್ನೂ ಎತ್ತಲಿಲ್ಲ. ಸಿಟ್ಟಾಗಬೇಡ. ಅಕ್ಕನ ಮನೆಯಲ್ಲಿ ಒಳಗೆ ಆಡಿದ ಮಾತು ಪಡಸಾಲೆಗೆ ಕೇಳುತ್ತದೆ. ಅದೂ ಅಲ್ಲದೆ ಈಗ ನಾನು ಬಾಯಿ ತೆರೆದರೆ ಬೈಗುಳವೇ ಬರುತ್ತದೆ. ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ. ಎಷ್ಟೋ ವರ್ಷ ಹುಡುಗರೆದುರು ಕಪ್ಪು ಹಲಗೆಯ ಮೇಲೆ ಬರೆದ ಕೈ ಅದು, ತೋಚಿದ್ದನ್ನೆಲ್ಲ ಗೀಚುವುದಿಲ್ಲ.

ಸಿಂದಗಿಯಲ್ಲಿ ಕೂತು ನೀನು ಪೇಪರಿನಲ್ಲಿ ಓದಿದ್ದೀ: ಬಸವನ ಬಾಗೇವಾಡಿಯ ಕಾಲೇಜಿನಲ್ಲಿ ವಿಜ್ಞಾನ ದಿನ, ಅಗರಖೇಡದ ಯುವ ಸಂಶೋಧಕಿಯ ಪ್ರಯೋಗ ವಿಫಲ, ಆದರೂ ಪ್ರಯತ್ನಕ್ಕೆ ಅಧ್ಯಕ್ಷರ ಮೆಚ್ಚುಗೆ. ಇಷ್ಟೇ ಸುದ್ದಿ. ಕೆಳಗೆ ಅಧ್ಯಕ್ಷರ ಫೋಟೋ. 'ಇದು ನಮ್ಮ ಇಂಡಿ ಸಾಲಿ ಪ್ರಜ್ಞಾ ಏನು?' ಎಂದು ನೀನು ಮೆಸೇಜ್ ಕಳಿಸಿದ್ದೆ. ಹೌದು, ಅವಳೇ. ನೀನು ಗಣಿತ, ನಾನು ವಿಜ್ಞಾನ ಕಲಿಸಿದ ಹುಡುಗಿ. ಮೂರನೇ ಸಾಲಿನಲ್ಲಿ ಕೂತು, ನಾವು ತಪ್ಪು ಬರೆದರೆ ಎದ್ದು ನಿಂತು 'ಅಕ್ಕೋರ, ಅಲ್ಲಿ ಮೈನಸ್ ಬಿಟ್ಟೀರಿ' ಎನ್ನುತ್ತಿದ್ದವಳು. ಪೇಪರಿನಲ್ಲಿ ಬರೆದದ್ದು ಸುಳ್ಳು. ಯಾವ ಸುಳ್ಳು, ಎಂಥ ಸುಳ್ಳು ಎಂದು ನಿನಗೆ ಹೇಳದಿದ್ದರೆ ನನಗೆ ಉಂಡ ಅನ್ನ ಒಳಗೆ ನಿಲ್ಲುವುದಿಲ್ಲ.

ಒಂದು ಮಾತು ಮೊದಲೇ. ಕಾಲೇಜು ಮಂಡಳಿಯ ಆ ಅಧ್ಯಕ್ಷರು ನನ್ನ ಗಂಡ ಬಸಂತರಾಯ ಎಂದು ನಿನಗೆ ಗೊತ್ತು. ಮದುವೆಯಾದಾಗಿನಿಂದ ನಾನು ಅವರ ಹೆಸರು ಹೇಳಿದವಳಲ್ಲ, 'ನಮ್ಮವರು' ಎನ್ನುತ್ತಿದ್ದೆ. ಈ ಪತ್ರದಲ್ಲಿ ಅಧ್ಯಕ್ಷರು ಎಂದೇ ಬರೆಯುತ್ತೇನೆ. 'ನಮ್ಮವರು' ಎನ್ನುವ ಶಬ್ದಕ್ಕೆ ಈಗ ನನ್ನ ಬಾಯಲ್ಲಿ ಹಳಸಿದ ರುಚಿ ಬಂದಿದೆ.

ಪ್ರಜ್ಞಾ ಪುಣೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಗಾಜಿನ ಎಳೆಗಳ ಮೇಲೆ ಕೆಲಸ ಮಾಡುತ್ತಾಳೆ. ಟೆಲಿಫೋನಿನವರು ರಸ್ತೆ ಅಗೆದು ಹೂಳುತ್ತಾರಲ್ಲ, ಅಂಥದ್ದಲ್ಲ. ಇವಳ ಎಳೆ ದಪ್ಪ ದಾರದಷ್ಟಿರುತ್ತದೆ, ಒಂದು ತುದಿಗೆ ಚಿತ್ರ ಇಟ್ಟರೆ ಇನ್ನೊಂದು ತುದಿಯಲ್ಲಿ ಆ ಚಿತ್ರ ಕಾಣುತ್ತದೆ. ಮುಂದೊಂದು ದಿನ ಮೆದುಳಿನೊಳಗೆ, ಎಳೆಗೂಸಿನ ಕಿವಿಯೊಳಗೆ ನೋವಾಗದಂತೆ ಇಳಿಸಿ ನೋಡಬಹುದು ಎನ್ನುತ್ತಾಳೆ. ಹಳೆಯ ಪದ್ಧತಿಯಲ್ಲಿ ಸಾವಿರಾರು ಸಣ್ಣ ಎಳೆಗಳನ್ನು ಒಪ್ಪವಾಗಿ ಸಾಲು ಜೋಡಿಸಿ ಕಟ್ಟುತ್ತಾರೆ. ಎಲ್ಲವೂ ಒಂದೇ ತೆರ ಇದ್ದರೆ ಬೆಳಕು ಒಂದರಿಂದ ಪಕ್ಕದ್ದಕ್ಕೆ ಜಾರಿ ಚಿತ್ರ ಕಲಸಿಹೋಗುತ್ತದೆ. ಇವಳ ಎಳೆಯೊಳಗೆ ಜೋಡಣೆಯೇ ಇಲ್ಲ. ಗಾಜಿನ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಯ ತೂತುಗಳು, ದೊಡ್ಡದು ಚಿಕ್ಕದು ಎಲ್ಲೆಂದರಲ್ಲಿ ಚೆಲ್ಲಿದಂತೆ. ಆ ಅಸ್ತವ್ಯಸ್ತವೇ ಬೆಳಕನ್ನು ಹಿಡಿದು ನಿಲ್ಲಿಸುತ್ತದೆ.

ಕಾರ್ಯಕ್ರಮದ ಹಿಂದಿನ ದಿನ ನಮ್ಮ ಮನೆಗೆ ಊಟಕ್ಕೆ ಬಂದಿದ್ದಳು. ಜೋಳದ ರೊಟ್ಟಿ ಮುರಿಯುತ್ತ ನಾನು ಕೇಳಿದೆ, ಗೊಂದಲದೊಳಗೆ ಬೆಳಕು ದಾರಿ ತಪ್ಪಬೇಕಲ್ಲ, ನಿಲ್ಲುವುದು ಹೇಗೆ ಎಂದು. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ.

'ಅಕ್ಕೋರ, ಕೂರಿಗಿಲೆ ಸಾಲ ಬಿತ್ತಿದ ಜ್ವಾಳದ ಹೊಲದಾಗ ನಾಯಿ ಹೊಕ್ತಂದ್ರ ಸಾಲು ಹಿಡದು ಈ ಬದುವಿನಿಂದ ಆ ಬದುವಿಗೆ ಓಡತೈತಿ. ಚೆಲ್ಲಿ ಬಿತ್ತಿದ ಹೊಲದಾಗ ನಾಕ ಹೆಜ್ಜಿಗೆ ಸಿಗಾಕ್ಕೊಂತೈತಿ. ಬೆಳಕೂ ಹಂಗರಿ.'

ಅಡ್ಡ ಹೋಗುವ ದಾರಿಗಳಲ್ಲೆಲ್ಲ ಬೆಳಕಿನ ಅಲೆಗಳು ಒಂದನ್ನೊಂದು ಅಳಿಸಿಕೊಳ್ಳುತ್ತವಂತೆ. ಹಾಗಾಗಿ ಹೊಕ್ಕ ಜಾಗದಲ್ಲೇ ಉಳಿದು ಮುಂದಕ್ಕೆ ಮಾತ್ರ ಸಾಗುತ್ತವೆ. ಅರ್ಧ ಶತಮಾನಕ್ಕೂ ಹಿಂದೆ ಒಬ್ಬ ಭೌತವಿಜ್ಞಾನಿ ಎಲೆಕ್ಟ್ರಾನುಗಳ ಬಗ್ಗೆ ಹೇಳಿದ ಮಾತು ಇದು, ನಾನು ಎಲ್ಲೋ ಓದಿದ್ದೆ, ತಿಳಿದಿರಲಿಲ್ಲ. ನನ್ನ ಶಿಷ್ಯೆ ರೊಟ್ಟಿ ಪಲ್ಯದ ನಡುವೆ ತಿಳಿಸಿದಳು. ಗುಲನಾಜ, ಆ ಕ್ಷಣಕ್ಕೆ ನಾನು ಎಷ್ಟು ಹಿಗ್ಗಿದೆ ಎಂದು ನಿನಗೆ ಮಾತ್ರ ಅರ್ಥವಾಗುತ್ತದೆ.

ಅಧ್ಯಕ್ಷರೂ ಅಲ್ಲೇ ಇದ್ದರು. ಅವಳು ಅವರಿಗೂ ಹೇಳಿದಳು: ಈ ಎಳೆಗೆ ತೇವ ಆಗಿಬರುವುದಿಲ್ಲ, ತುದಿಗೆ ಹನಿ ನೀರು ತಾಗಿದರೂ ಆ ತೂತುಗಳು ದೀಪದ ಬತ್ತಿ ಎಣ್ಣೆ ಹೀರುವಂತೆ ಒಳಗೆ ಎಳೆದುಕೊಳ್ಳುತ್ತವೆ. ತುದಿ ಕತ್ತರಿಸಿ ಸರಿಪಡಿಸುವಂತೆಯೂ ಇಲ್ಲ, ಯಾಕೆಂದರೆ ಪ್ರತಿ ತುಂಡಿನ ಅಸ್ತವ್ಯಸ್ತ ಬೇರೆ ಬೇರೆ, ಈ ತುಂಡಿನ ಬೆಳಕನ್ನು ಓದಲು ಕಂಪ್ಯೂಟರಿಗೆ ತಿಂಗಳುಗಟ್ಟಲೆ ಕಲಿಸಿದ್ದಾರೆ. ಆ ಸಲ ತಯಾರಿಸಿದ್ದರಲ್ಲಿ ಉಳಿದದ್ದು ಈ ಮೊಳದುದ್ದದ ತುಂಡೊಂದೇ. ಮಾರ್ಚ್ ಇಪ್ಪತ್ತಕ್ಕೆ ಅದನ್ನು ಪರೀಕ್ಷಕರ ಮುಂದಿಟ್ಟು ತೋರಿಸಿದರೆ ಅವಳ ಸಂಶೋಧನೆಯನ್ನು ಮುಂದುವರಿಸುತ್ತಾರೆ, ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಮಾರ್ಗದರ್ಶಕರು ಊರಿಗೆ ಒಯ್ಯುವುದು ಬೇಡವೆಂದಿದ್ದರಂತೆ. ನಮ್ಮ ಕಡೆಯ ಹುಡುಗರು ನೋಡಲಿ ಎಂದು ಇವಳೇ ಹಟ ಹಿಡಿದು ಒಪ್ಪಿಸಿ ತಂದಿದ್ದಳು.

ಅಧ್ಯಕ್ಷರು ಎಲ್ಲ ಕೇಳಿ ತಲೆದೂಗಿದರು. ಮನೆಯಲ್ಲಿ ಖಾಲಿ ಕೋಣೆ ಇದ್ದರೂ ಅವಳಿಗೆ ಲಾಡ್ಜಿನಲ್ಲಿ ಇಳಿಯುವ ವ್ಯವಸ್ಥೆ ಮಾಡಿದ್ದರು. 'ಅಲ್ಲೇ ಅನುಕೂಲ ಆಕ್ಕೈತಿ ತಂಗಿ' ಎಂದರು. ಎಳೆಯ ಪೆಟ್ಟಿಗೆ ಮಾತ್ರ ಲಾಡ್ಜಿಗೆ ಬೇಡ, ಕಾಲೇಜಿನ ಕಚೇರಿಯಲ್ಲಿ ಬೀಗ ಹಾಕಿ ಇಡೋಣ ಎಂದು ತಾವೇ ಒಯ್ದರು. ಅದಕ್ಕೂ ಮೊದಲು ಅವಳು ಕಾಲೇಜಿನ ಪ್ರಯೋಗಾಲಯದಲ್ಲಿ ಎಲ್ಲ ಜೋಡಿಸಿ ನೋಡಿದ್ದಳು. ಪಕ್ಕದಲ್ಲಿ ನಾನೇ ಇದ್ದೆ. ಒಂದು ತುದಿಗೆ 'ಅ' ಅಕ್ಷರದ ಸಣ್ಣ ಫಿಲ್ಮು, ಹಿಂದೆ ದೀಪ. ಇನ್ನೊಂದು ತುದಿಗೆ ಕ್ಯಾಮೆರಾ. ಪರದೆಯ ಮೇಲೆ 'ಅ' ಕಂಡಿತು. ಅಂಚು ತುಸು ಒರಟು, ಆದರೆ 'ಅ' ಎಂದು ಅಂಗನವಾಡಿಯ ಮಗುವೂ ಓದಬಹುದಾಗಿತ್ತು.

ಮರುದಿನ ಸಭಾಂಗಣ ತುಂಬಿತ್ತು. ಅಗರಖೇಡದಿಂದ ಅವಳ ತಂದೆ ಅನಿಲಕುಮಾರ, ತಾಯಿ ಕೋಮಲ ಬಂದು ಎರಡನೇ ಸಾಲಿನಲ್ಲಿ ಕೂತಿದ್ದರು. ಮುಖ್ಯ ಅತಿಥಿಗಳು ಮುದ್ದೇಬಿಹಾಳದ ಕಡೆಯ ಒಬ್ಬ ಹಿರಿಯರು, ಕಾಲೇಜಿಗೆ ಜಾಗ ಕೊಟ್ಟ ಮನೆತನದವರು. ಎಳೆಯ ತುದಿಯನ್ನು ಅವರೇ ಕೈಯಲ್ಲಿ ಹಿಡಿದು ಪ್ರಯೋಗ ಉದ್ಘಾಟಿಸಬೇಕೆಂದು ಕಾರ್ಯಕ್ರಮ. ಮೊದಲು ವಚನ ಹಾಡಿದರು. ಆಮೇಲೆ ಅಧ್ಯಕ್ಷರ ಭಾಷಣ. ಏನು ಹೇಳಿರಬೇಕು ಹೇಳು? ರೊಟ್ಟಿಯ ಕಥೆ.

ನೀನೂ ಎಷ್ಟು ಸಲ ಕೇಳಿಲ್ಲ! ಹರೆಯದಲ್ಲಿ ಉಪನ್ಯಾಸಕರಾಗಿದ್ದಾಗ ಅಗರಖೇಡದ ಕೇರಿಗೆ ಹೋಗಿ ಗುಂಡವ್ವ ಬಡಿದ ರೊಟ್ಟಿ ಉಂಡದ್ದು, ಪೇಪರಿನವರು ಫೋಟೋ ತೆಗೆದದ್ದು. ಆ ಗುಂಡವ್ವ ಪ್ರಜ್ಞಾಳ ಅಜ್ಜಿ. ಮೊಮ್ಮಗಳ ಸನ್ಮಾನದ ದಿನ ಅಜ್ಜಿಯ ರೊಟ್ಟಿ ಉಂಡ ಉಪಕಾರವನ್ನು ಮೈಕಿನಲ್ಲಿ ಎಣಿಸಿದರು. ಆ ರೊಟ್ಟಿ ಉಂಡ ದಿನ ನಾನು ಹೊಸ ಹೆಂಡತಿ, ಜೊತೆಗೆ ಹೋಗಿದ್ದೆ. ಊರು ದಾಟಿದ ಮೇಲೆ ಜೀಪು ನಿಲ್ಲಿಸಿ ಅವರು ಗಂಟಲಿಗೆ ಬೆರಳು ಹಾಕಿ ಹಳ್ಳದ ದಂಡೆಯಲ್ಲಿ ಎಲ್ಲ ಕಕ್ಕಿದರು. ಹೊಟ್ಟೆ ಕೆಟ್ಟಿದೆ ಎಂದರು. ಬಾಯಿ ಮುಕ್ಕಳಿಸಲು ನೀರು ಹನಿಸಿದ್ದು ನಾನು. ಅದೇ ರೊಟ್ಟಿಯನ್ನು ನಾನೂ ಉಂಡಿದ್ದೆ, ನನಗೇನೂ ಆಗಿರಲಿಲ್ಲ. ಜನ ಮರೆಯುತ್ತಾರೆಂದು ನಂಬಿ ಬದುಕುವವರ ಮಗ್ಗುಲಲ್ಲಿ ನನ್ನಂಥ ನೆನಪಿನವಳು ಇಷ್ಟು ವರ್ಷ ಮಲಗಿದ್ದೇ ಒಂದು ವಿಚಿತ್ರ.

ಆಮೇಲೆ ಹಿರಿಯರ ಸರದಿ. ಅವರಿಗೆ ಯಾರೋ ಎಳೆಯ ವಿಷಯ ಅರ್ಧಮರ್ಧ ಹೇಳಿಕೊಟ್ಟಿದ್ದರು. ಬೆಳಕು ಸೈತ ತನಗೆ ಕೊಟ್ಟ ಜಾಗಾ ಬಿಟ್ಟು ಆಚೆ ಹೋಗುವುದಿಲ್ಲ, ಇದನ್ನು ನಮ್ಮ ಹಿಂದಿನವರು ಎಂದೋ ತಿಳಿದು ಸಮಾಜ ಕಟ್ಟಿದ್ದರು, ಈಗ ವಿಜ್ಞಾನವೂ ಒಪ್ಪುತ್ತಿದೆ ಎಂದರು. ಬಾಗೇವಾಡಿಯಲ್ಲಿ ನಿಂತು, ವಚನ ಹಾಡಿ ಮುಗಿಸಿದ ಮೈಕಿನಲ್ಲಿ ಈ ಮಾತು. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು.

ಪ್ರಜ್ಞಾ ಮೈಕು ತೆಗೆದುಕೊಂಡಳು. ದನಿ ಏರಿಸಲಿಲ್ಲ.

'ಇಲ್ಲರಿ ಅಜ್ಜಾರ. ಒಂದ ಥರದವನ್ನೆಲ್ಲ ಸಾಲ ಹಚ್ಚಿ ಕುಂದ್ರಿಸಿದ್ರ ಬೆಳಕು ಸೋರಿ ಹೋಗತೈತಿ. ಎಲ್ಲಾ ಕಲಸಿಟ್ರನ ನಿಲ್ಲತೈತಿ.'

ಹಿಂದಿನಿಂದ ಹುಡುಗರು ಸೀಟಿ ಹೊಡೆದರು. ಹುಡುಗಿಯರು ಬೆಂಚು ಬಡಿದರು. ಅಧ್ಯಕ್ಷರ ಮುಖದ ನಗೆ ಹಾಗೇ ಇತ್ತು, ಕಣ್ಣು ಮಾತ್ರ ಬದಲಾಯಿತು. ಅದು ನನಗೆ ಪರಿಚಯದ ನೋಟ.

ನಂತರ ಪ್ರಯೋಗ. ಹಿರಿಯರು ತುದಿ ಹಿಡಿದರು, ದೀಪ ಹೊತ್ತಿತು, ಪರದೆಯ ಮೇಲೆ ಹಳದಿ ಮಬ್ಬು ಹರಡಿತು. ಅಕ್ಷರವಿಲ್ಲ. ಅವಳು ಕ್ಯಾಮೆರಾ ನೋಡಿದಳು, ಮಸೂರ ನೋಡಿದಳು, ಫಿಲ್ಮು ತೆಗೆದು ಹಾಕಿದಳು. ಅದೇ ಮಬ್ಬು. ಹಿಂದಿನ ದಿನ ಕಂಡ 'ಅ' ಒಂದು ರಾತ್ರಿಯಲ್ಲಿ ಕರಗಿಹೋಗಿತ್ತು. ಎಲ್ಲೋ ಒಬ್ಬ ಕಿಸಕ್ಕೆಂದ, ಅದು ಸಾಲು ಹಿಡಿದು ಹಬ್ಬಿತು. ಮುಖ ಬಿಳಿಚಿಕೊಂಡು ನಿಂತಿದ್ದ ಅವಳ ಕೈಗೆ ಅಧ್ಯಕ್ಷರು ಸನ್ಮಾನದ ಶಾಲು ಕೊಟ್ಟರು. ಹೌದು, ಕೈಗೆ. ಹಿರಿಯರಿಗೆ ಹೊದಿಸಿದರು, ಪ್ರಿನ್ಸಿಪಾಲರಿಗೆ ಹೊದಿಸಿದರು, ಇವಳಿಗೆ ಮಡಿಕೆ ಬಿಚ್ಚದೆ ಅಂಗಡಿಯವರು ಸಾಮಾನು ಕೊಡುವಂತೆ ಕೈಗೆ ಕೊಟ್ಟರು. 'ಇರ್ಲಿ, ಹೆಣ್ಣುಮಗಳು ಪ್ರಯತ್ನ ಮಾಡ್ಯಾಳ' ಎಂದು ಮೈಕಿನಲ್ಲಿ ಹೇಳಿದರು.

ವೇದಿಕೆಯ ಹಿಂದೆ ಅವಳು ಎಳೆಯನ್ನು ಪೆಟ್ಟಿಗೆಗೆ ಹಾಕುತ್ತಿದ್ದಳು. ನಾನು ತುದಿಯನ್ನು ಮೂಗಿನ ಹತ್ತಿರ ಹಿಡಿದೆ. ವಾಸನೆ ಗುರುತಿಸಲು ವಿಜ್ಞಾನ ಓದಿರಬೇಕಾಗಿಲ್ಲ. ದನದ ಕೊಟ್ಟಿಗೆಯಲ್ಲಿ ಬೆಳೆದವಳು ನಾನು. ಅವಳಿಗೂ ಗೊತ್ತಾಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹೊರಗೆ ನಳದ ಹತ್ತಿರ ಕಾಲೇಜಿನ ಜವಾನ ಮಾಳಿಂಗ ಒಂದು ಹಿತ್ತಾಳೆ ಬಟ್ಟಲು ತಿಕ್ಕುತ್ತಿದ್ದ. ಬಟ್ಟಲು ನಮ್ಮ ದೇವರ ಜಗಲಿಯದು, ಅಂಚಿನ ಮೇಲೆ ನನ್ನ ಅತ್ತೆಯ ಹೆಸರಿದೆ. ಇದು ಇಲ್ಲಿಗೆ ಹೇಗೆ ಬಂತು ಎಂದು ಕೇಳಿದೆ.

'ನನಗ್ಯಾಕ ಕೇಳ್ತೀರಿ ಅಕ್ಕೋರ, ಮನ್ಯಾಗ ಕೇಳ್ರಿ' ಎಂದ. ಕೇಳಿಯೇ ಕೇಳುತ್ತೇನೆ, ಮೊದಲು ನೀನು ಹೇಳು ಎಂದು ಅವನೆದುರೇ ನಿಂತೆ. ಹೇಳಿದ. ಅವನಿಗೆ ಅದರಲ್ಲಿ ಮುಚ್ಚಿಡುವಂಥದ್ದೇನೂ ಕಂಡಿರಲಿಲ್ಲ. ಹಿಂದಿನ ಸಂಜೆ ಅಧ್ಯಕ್ಷರು ಬಟ್ಟಲನ್ನೂ ಗೋಮೂತ್ರವನ್ನೂ ತಾವೇ ತಂದರಂತೆ. ನಾಳೆ ದೊಡ್ಡವರು ಕೈಯಲ್ಲಿ ಹಿಡಿಯುವ ವಸ್ತು, ಕೇರಿಯ ಕೈಯಿಂದ ಬಂದದ್ದು, ಶುದ್ಧ ಮಾಡಿ ಇಡು ಎಂದರಂತೆ. ಇವನು ತುದಿಗೆ ಹಾಕಿದ್ದ ಸಣ್ಣ ಟೊಪ್ಪಿಗೆ ತೆಗೆದು ಎರಡೂ ತುದಿಗಳನ್ನು ಬಟ್ಟಲಲ್ಲಿ ಅದ್ದಿ ಬೆಳಗಿನವರೆಗೆ ಬಿಟ್ಟ. ಚಿಮುಕಿಸಿದರೆ ಸಾಲದೇ ಎಂದು ಅವನೇ ಕೇಳಿದ್ದನಂತೆ. ಸಾಲದು ಎಂದರಂತೆ. 'ಮುರದಿಲ್ಲರಿ, ನಾ ಭಾಳ ಜ್ವಾಕಿ ಮಾಡೇನಿ' ಎಂದು ನನಗೆ ಭರವಸೆ ಬೇರೆ ಕೊಟ್ಟ.

ಹೀಗಾಗಿ ಆ ತೂತುಗಳು ರಾತ್ರಿಯಿಡೀ ಎರಡೂ ಕಡೆಯಿಂದ ಹೀರಿದವು. ಒಣಗಿದರೂ ಉಪ್ಪು ಒಳಗೇ ಕೂತಿರುತ್ತದೆ. ಗಾಜಿಗೂ ಗಾಳಿಗೂ ಇದ್ದ ಭೇದದಿಂದ ನಿಂತಿದ್ದ ಬೆಳಕು, ಆ ಭೇದ ಹೋದೊಡನೆ ಸೋರಿಹೋಯಿತು.

ಮನೆಯಲ್ಲಿ ಅಧ್ಯಕ್ಷರು ಅಂಗಿ ಬಿಚ್ಚಿ ಆರಾಮಕುರ್ಚಿಯಲ್ಲಿ ಕೂತಿದ್ದರು. ಅಲ್ಲಗಳೆಯುತ್ತಾರೆ ಎಂದುಕೊಂಡಿದ್ದೆ. ಅಲ್ಲಗಳೆದಿದ್ದರೆ ಒಂದಿಷ್ಟು ನಾಚಿಕೆ ಉಳಿದಿದೆ ಎಂದಾದರೂ ಅನ್ನಬಹುದಿತ್ತು.

'ಹೌದು, ಮಾಡಿಸೇನಿ. ಆ ಹಿರ್ಯಾರ ಮನಿತನದ ರೂಢಿ ನನಗ ಗೊತ್ತೈತಿ. ನಾಳೆ ಯಾರರ ಎತ್ತಿ ಆಡಬಾರದಲ್ಲ.'

ತುದಿಗೆ ನೀರು ತಾಗಿದರೆ ಕೆಡುತ್ತದೆ ಎಂದು ಅವಳು ನಿಮ್ಮ ಎದುರಿಗೇ ಹೇಳಿದ್ದಳಲ್ಲ ಎಂದೆ.

'ನೀರು ಅಲ್ಲಲಾ ಅದು' ಎಂದರು.

ಗುಲನಾಜ, ಅವರು ಚೇಷ್ಟೆಗೆ ಹೇಳಲಿಲ್ಲ. ಎಂ.ಎ. ಓದಿದ ಮನುಷ್ಯ, ಎರಡು ಕಪಾಟು ಪುಸ್ತಕ ಇಟ್ಟುಕೊಂಡ ಮನುಷ್ಯ, ಅದನ್ನು ಮನಸಾರೆ ನಂಬಿ ಹೇಳಿದರು. ನೀರು ಕೆಡಿಸೀತು, ಅದು ಕೆಡಿಸುವುದಿಲ್ಲ. ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡೆ. ಏನನ್ನೂ ಮುಟ್ಟಿರಲಿಲ್ಲ, ಆದರೂ ತೊಳೆದುಕೊಂಡೆ.

ತಿರುಗಿ ಬಂದಾಗ ಸಮಾಧಾನದ ದನಿಯಲ್ಲಿ ಅಂದರು: 'ಆ ಹುಡುಗಿ ಬಗ್ಗೆ ನನಗ ಭಾಳ ಅಭಿಮಾನ ಐತಿ. ಆದ್ರ ಕಾಲೇಜು ನಡೀಬೇಕಂದ್ರ ನಮ್ಮವ್ರು ಬೇಕಲ್ಲ, ಇಂದ್ರಾ.'

ಆಗಲೇ ಆ ಶಬ್ದ ನನ್ನ ಕಿವಿಯಲ್ಲಿ ಕೊಳೆಯಿತು. ನಿನಗೆ ಇಂಡಿಯಲ್ಲಿ ಬಾಡಿಗೆ ಮನೆ ಹುಡುಕುವಾಗ ಎಷ್ಟು ಬಾಗಿಲಲ್ಲಿ 'ನಮ್ಮವ್ರಿಗಷ್ಟ ಕೊಡ್ತೇವ್ರಿ' ಎನ್ನಿಸಿಕೊಂಡಿದ್ದೆವು. ನೀನು ಬೀದಿಗೆ ಬಂದು ನಗುತ್ತಿದ್ದೆ, ಈ 'ನಮ್ಮವ್ರು' ಎಂದರೆ ನಿನ್ನ ಗಂಡನೇನು, ಅವರೊಬ್ಬರಿಗೇ ಇಷ್ಟೆಲ್ಲ ಮನೆಗಳೇನು ಎಂದು ನನ್ನನ್ನು ಕಾಡಿಸುತ್ತಿದ್ದೆ. ನಿನ್ನ ಚೇಷ್ಟೆ ಸರಿಯಾಗಿತ್ತು. ನಾನು ಗಂಡನಿಗೆಂದು ಆಡಿದ ಮುದ್ದಿನ ಶಬ್ದವೂ, ಆ ಬಾಗಿಲುಗಳ ಶಬ್ದವೂ ಒಂದೇ.

ಪ್ರಜ್ಞಾ ಸಂಸ್ಥೆಗೆ ತಿಳಿಸಿದ್ದಳು, ಆ ರಾತ್ರಿಯೇ ಪುಣೆಯಿಂದ ವಿಚಾರಣೆ ಬಂತು. ಸಂಸ್ಥೆಯವರು ಎಳೆ ಹೇಗೆ ಹಾಳಾಯಿತೆಂದು ಕಾಲೇಜನ್ನು ಕೇಳಿದ್ದರು. ಕಾಲೇಜಿನ ಉತ್ತರ: ಇಲ್ಲಿ ಅದನ್ನು ಯಾರೂ ಮುಟ್ಟಿಲ್ಲ, ತರುವಾಗಲೇ ಕೆಟ್ಟಿರಬೇಕು. ಕೆಳಗೆ ಅಧ್ಯಕ್ಷರ ಸಹಿ. ಸಹಿ ಮಾಡಿ ಊಟಕ್ಕೆ ಕೂತು ಇನ್ನೊಂದು ರೊಟ್ಟಿ ಹಾಕು ಎಂದರು. ಹಾಕಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ನಿಡಗುಂದಿಗೆ ಬಂದೆ. ಅಕ್ಕನ ಮೊಣಕಾಲು ನೋವು, ನೋಡಿಕೊಳ್ಳಲು ಹೋಗುತ್ತಿದ್ದೇನೆ ಎಂದೆ. ಮೊಣಕಾಲು ನಿಜವಾಗಿಯೂ ನೋಯುತ್ತಿದೆ, ಆದರೆ ಅದು ಹತ್ತು ವರ್ಷದಿಂದ ನೋಯುತ್ತಿದೆ.

ಅನಿಲಕುಮಾರನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಇದಕ್ಕೆ ಕಾನೂನು ಇದೆ, ದೂರು ಕೊಡೋಣ, ನಾನು ಸಾಕ್ಷಿ ಹೇಳುತ್ತೇನೆ ಎಂದೆ. ಎಳಿ ಅಕಿದು, ಅಕಿ ಹೇಳಿದಂಗ ಮಾಡ್ರಿ ಎಂದ. ನಾನು ಕಾಯಲಿಲ್ಲ. ಸಂಸ್ಥೆಗೆ ಕಳಿಸಲು ನಾಲ್ಕು ಪುಟದ ಹೇಳಿಕೆ ಬರೆದೆ. ಬಟ್ಟಲು, ಟೊಪ್ಪಿಗೆ, ಕೇರಿಯ ಕೈ, ಕೈಗೆ ಕೊಟ್ಟ ಶಾಲು, ಒಂದನ್ನೂ ಬಿಡಲಿಲ್ಲ. ನನ್ನ ಗಂಡನ ಹೆಸರನ್ನು ಜೀವಮಾನದಲ್ಲಿ ಮೊದಲ ಬಾರಿ ನನ್ನ ಕೈಯಿಂದ ಬರೆದೆ. ಬರೆದ ಮೇಲೆ, ಪುಣೆಗೆ ಮರಳಿದ್ದ ಪ್ರಜ್ಞಾಳಿಗೆ ಫೋನಿನಲ್ಲಿ ಓದಿ ಹೇಳಿದೆ. ಖುಷಿಪಡುತ್ತಾಳೆ ಎಂದುಕೊಂಡಿದ್ದೆ.

ಅವಳು ಕೇಳಿದ್ದು ಒಂದೇ. ಎರಡೂ ತುದಿ ಒದ್ದೆಯಾದದ್ದನ್ನು ಬರೆಯಬೇಕು, ತನಗೆ ತಿಳಿಯದಂತೆ ಆದದ್ದೆಂದು ಬರೆಯಬೇಕು. ಯಾಕೆ ಎನ್ನುವುದಕ್ಕೆ 'ಪೂಜೆ' ಎಂದು ಬರೆಯಬೇಕು. ಊರಿನವರು ಯಂತ್ರಕ್ಕೆ ಪೂಜೆ ಮಾಡಿ ತೀರ್ಥದಲ್ಲಿ ಅದ್ದಿದರು ಎಂದರೆ ಸಾಕು.

ನಾನು ರೇಗಿದೆ. ನಿನ್ನ ಅಜ್ಜಿ ತಲೆಯೆತ್ತಿ ನಿಂತವಳು, ನೀನು ಯಾಕೆ ಮುಚ್ಚಿಡುತ್ತೀ ಎಂದೆ. ಅವಳು ಅಳಲಿಲ್ಲ, ರೇಗಲೂ ಇಲ್ಲ.

'ನನಗ ನಾಚಿಕಿ ಇಲ್ಲರಿ ಅಕ್ಕೋರ. ಇಲ್ಲಿ ಅಗರಖೇಡ ಅಂದ್ರ ಬರೇ ಅಡ್ಡಹೆಸರು, ಯಾರಿಗೂ ಏನೂ ತಿಳಿಯೂದಿಲ್ಲ. ಆ ಕಥಿ ಒಮ್ಮೆ ಬಂತಂದ್ರ ನಾ ಏನ್ ಕಂಡುಹಿಡದ್ರೂ ಅದ ನನ್ನ ಹೆಸರಾಗತೈತಿ. ಪಾಪ ಅಂತಾರ. ಎಳಿ ಬಗ್ಗೆ ಯಾರೂ ಕೇಳೂದಿಲ್ಲ.'

ಹೇಳು ಗುಲನಾಜ, ಯಾವುದನ್ನು ಬರೆಯಲಿ? ಎಲ್ಲ ಬರೆದರೆ ಅವಳು ಬೇಡವೆಂದದ್ದನ್ನು ನಾನು ಅವಳ ಮೇಲೆ ಹೇರಿದಂತೆ. ಅಧ್ಯಕ್ಷರೂ ಅದನ್ನೇ ಮಾಡಿದ್ದು, ಅವಳ ವಸ್ತುವನ್ನು ಅವಳನ್ನು ಕೇಳದೆ ತಮ್ಮ ನಂಬಿಕೆಯಲ್ಲಿ ಅದ್ದಿದರು. 'ಪೂಜೆ' ಎಂದು ಬರೆದರೆ ಆ ಹೇಸಿಗೆ ಒಂದು ತಮಾಷೆಯ ಕಥೆಯಾಗುತ್ತದೆ. ಹಳ್ಳಿಯ ಭೋಳೆ ಜನ, ಪಾಪ, ಯಂತ್ರಕ್ಕೂ ಕುಂಕುಮ ಹಚ್ಚುತ್ತಾರೆ ಎಂದು ಪುಣೆಯವರು ಚಹಾ ಕುಡಿಯುತ್ತ ನಗುತ್ತಾರೆ. ಇಲ್ಲಿಯವರು ಭಕ್ತರಾಗಿ ಉಳಿಯುತ್ತಾರೆ. ನಿಜವನ್ನು ಹೇಳುವ ಹಕ್ಕು ನನ್ನದು ಎಂದು ಇಷ್ಟು ವರ್ಷ ತಿಳಿದಿದ್ದೆ. ಈ ನಿಜ ನನ್ನದಲ್ಲ. ಇದರಿಂದ ನನಗೆ ಹೋಗುವುದು ಒಬ್ಬ ಗಂಡ, ಅವಳಿಗೆ ಹೋಗುವುದು ಮುಂದಿನ ಬದುಕು.

ನಾಲ್ಕು ಪುಟ ನನ್ನ ದಿಂಬಿನ ಕೆಳಗಿವೆ. ಪಕ್ಕದಲ್ಲಿ ಖಾಲಿ ಹಾಳೆ ಇಟ್ಟುಕೊಂಡು ಕೂತಿದ್ದೇನೆ. ನೀನು ಹತ್ತಿರವಿದ್ದಿದ್ದರೆ ಏನಾದರೂ ಚೇಷ್ಟೆ ಮಾಡಿ ನನ್ನ ಕೈ ಹಗುರ ಮಾಡುತ್ತಿದ್ದೆ. ಈ ಪತ್ರ ಓದಿ ಒಲೆಗೆ ಹಾಕು. ಮಕ್ಕಳಿಗೂ ತೋರಿಸಬೇಡ. ಅವಳ ಮಾತನ್ನು ಪುಣೆಯವರು ಯಾರೂ ತಿಳಿಯಬಾರದು, ಇಲ್ಲಿಯವರಂತೂ ತಿಳಿಯಲೇಬಾರದು.

ಇನ್ನ್ಯಾರಿಗೂ ಬರೆಯಲಾಗದ್ದನ್ನು ನಿನಗೆ ಬರೆದ,
ನಿನ್ನ ಇಂದ್ರಾ

ತಾಜಾ ಕಲಂ, ೨೨ ಮಾರ್ಚ್: ಈ ಪತ್ರ ಹಾಕದೆ ಇಟ್ಟುಕೊಂಡಿದ್ದೆ, ಏನಾಯಿತೆಂದು ತಿಳಿಸಿಯೇ ಹಾಕೋಣವೆಂದು. 'ಪೂಜೆ' ಎಂದೇ ಬರೆದೆ. ಅರ್ಧ ಪುಟ. ಸಂಸ್ಥೆಯವರು ಅದನ್ನು ನಂಬಿದರು. ಪ್ರಜ್ಞಾಳ ತಪ್ಪಿಲ್ಲವೆಂದು ಒಪ್ಪಿ ಹೊಸ ಎಳೆ ತಯಾರಿಸಲು ಅವಳಿಗೆ ಇನ್ನೊಂದು ವರ್ಷ ಕೊಟ್ಟಿದ್ದಾರೆ. ಫೋನಿನಲ್ಲಿ ಚಿಕ್ಕ ಹುಡುಗಿಯಂತೆ ನಕ್ಕಳು. ಆದರೆ ಸಂಸ್ಥೆಯವರು ನನ್ನ ಅರ್ಧ ಪುಟದ ಒಂದು ಪ್ರತಿಯನ್ನು ಕಾಲೇಜಿಗೂ ಕಳಿಸಿದ್ದಾರೆ. ಅಧ್ಯಕ್ಷರು ಓದಿದರು. ನಾನು ಅವರನ್ನು ಉಳಿಸಲು ಸುಳ್ಳು ಬರೆದೆ ಎಂದು ತಿಳಿದಿದ್ದಾರೆ. ನಿನ್ನೆ ಕಾರಿನವನ ಕೈಲಿ ಇಳಕಲ್ಲ ಸೀರೆ ಕಳಿಸಿದರು, ಫೋನ್ ಮಾಡಿ 'ಮನಿತನದ ಮಾನ ಉಳಿಸಿದಿ' ಎಂದರು. ನಿಮಗಾಗಿ ಅಲ್ಲ ಎಂದು ನಾಲಿಗೆ ತುದಿಗೆ ಬಂದಿತ್ತು. ಹಾಗಾದರೆ ಯಾರಿಗಾಗಿ ಎಂದು ಕೇಳುತ್ತಾರೆ, ಕೇಳಿ ತಿಳಿದರೆ, ಅವಳು ಮುಚ್ಚಿಟ್ಟದ್ದನ್ನು ಬಯಲು ಮಾಡಲು ಅವರಿಗೆ ಪುಣೆಗೆ ಒಂದು ಫೋನ್ ಸಾಕು. ಸುಮ್ಮನೆ ಹೂಂ ಎಂದೆ. ಸೀರೆ ಮಂಚದ ಮೇಲಿದೆ. ತಿರುಗಿ ಕಳಿಸುವಂತಿಲ್ಲ.